ಪ್ರೊಫೆಸರ್ ಕೆ.ವಿ. ಅಯ್ಯರ್ ಯಾರು? ಕಾಲೇಜಿನಲ್ಲಲ್ಲ, ವ್ಯಾಯಾಮಶಾಲೆಯಲ್ಲಿ ಪಾಠ ಹೇಳಿದ ಈ ಪ್ರೊಫೆಸರ್ ನಮ್ಮ ಫಾರ್ವರ್ಡ್‌ಗಳಿಗೆ ಕಲಿಸುವುದೇನು?

ನಿಮ್ಮ ವಾಟ್ಸಾಪ್‌ಗೆ ಈ ಮೂರರಲ್ಲಿ ಒಂದಾದರೂ ಬಂದೇ ಇರುತ್ತದೆ. ಒಂದು, ಏಸುವಿನ ಮುಖಕ್ಕೆ ಮಾದರಿಯಾಗಿ ಕೂತ ವ್ಯಕ್ತಿಯೇ ವರ್ಷಗಳ ನಂತರ ದ್ರೋಹಿ ಜುದಾಸನ ಮುಖಕ್ಕೂ ಮಾದರಿಯಾದ ಎಂಬ ಕಣ್ಣೀರಿನ ಕಥೆ. ಎರಡು, ಜಿಮ್‌ಗೆ ಹೋದರೆ ಹೃದಯಾಘಾತ ಖಚಿತ, ನಮ್ಮ ಹಿರಿಯರು ಜಿಮ್ ಇಲ್ಲದೆಯೇ ಗಟ್ಟಿಯಾಗಿದ್ದರು ಎಂಬ ಸಂದೇಶ. ಮೂರು, ಹೊಯ್ಸಳರ ರಾಣಿ ಶಾಂತಲೆ ಶಿವಗಂಗೆ ಬೆಟ್ಟದ ತುದಿಯಿಂದ ಹಾರಿ ಪ್ರಾಣ ಬಿಟ್ಟಳು ಎಂಬ ಫೋಟೋ ಸಹಿತ ಇತಿಹಾಸ.

ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ ಅಲ್ಲವೇ? ಆದರೆ ಈ ಮೂರೂ ಎಳೆಗಳು ಬೆಂಗಳೂರಿನ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಬಂದು ಸೇರುತ್ತವೆ. ಅವರೇ ಪ್ರೊಫೆಸರ್ ಕೆ.ವಿ. ಅಯ್ಯರ್. ಅಂಗಸಾಧಕ, ವ್ಯಾಯಾಮ ಶಿಕ್ಷಕ, ಕಾದಂಬರಿಕಾರ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಜಿಮ್‌ನಲ್ಲಿ ಟ್ರೆಡ್‌ಮಿಲ್ ಮೇಲೆ ಓಡುವವರಿಗೂ, ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಸಣ್ಣ ಜಿಮ್‌ನಲ್ಲಿ ಡಂಬೆಲ್ ಎತ್ತುವವರಿಗೂ ಇವರ ಹೆಸರು ಇವತ್ತು ಅಷ್ಟಾಗಿ ಗೊತ್ತಿಲ್ಲ. ಅವರ ಜೀವನವನ್ನು ತಿಳಿಯುತ್ತಲೇ ಈ ಫಾರ್ವರ್ಡ್‌ಗಳ ಸತ್ಯಾಸತ್ಯವನ್ನೂ ನೋಡೋಣ.

ಕೋಲಾರ ಜಿಲ್ಲೆಯಿಂದ ಬಂದ ಹುಡುಗ

ಪೂರ್ತಿ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಹುಟ್ಟಿದ್ದು 1890ರ ದಶಕದ ಕೊನೆಯಲ್ಲಿ, ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ವೈಟ್‌ಫೀಲ್ಡ್ ಕಡೆಯಿಂದ ಹೊಸಕೋಟೆ, ಕೋಲಾರ ದಾಟಿ ಮುಳಬಾಗಿಲಿನತ್ತ ಹೋಗುವವರಿಗೆ ಪರಿಚಯವಿರುವ ಸೀಮೆ ಅದು.

ಇಲ್ಲಿ ಒಂದು ಗೊಂದಲ ಮೊದಲೇ ಬಗೆಹರಿಸಿಬಿಡೋಣ. ಜಗತ್ಪ್ರಸಿದ್ಧ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಕೋಲಾರ ಜಿಲ್ಲೆಯವರೇ, ಬೆಳ್ಳೂರಿನವರು. ಅವರು ಹುಟ್ಟಿದ್ದು 1918ರಲ್ಲಿ, ತೀರಿಕೊಂಡದ್ದು 2014ರಲ್ಲಿ. ಕೆ.ವಿ. ಅಯ್ಯರ್ ಅವರಿಗಿಂತ ಸುಮಾರು 20 ವರ್ಷ ಹಿರಿಯರು. ಒಬ್ಬರು ಅಯ್ಯರ್, ಇನ್ನೊಬ್ಬರು ಅಯ್ಯಂಗಾರ್. ಇಬ್ಬರೂ ಬೇರೆ ಬೇರೆ.

ಹಿಂದಿನವರು ನಿಜಕ್ಕೂ ಗಟ್ಟಿಯಾಗಿದ್ದರೇ?

ಅಯ್ಯರ್ ಹುಟ್ಟಿದ ಕಾಲ ಎಂಥದ್ದು ಅಂತ ನೋಡಿದರೆ ಆ ಎರಡನೇ ಫಾರ್ವರ್ಡ್‌ನ ಅರ್ಧ ಬಣ್ಣ ಅಲ್ಲೇ ಬಯಲಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಪೇಟೆ ಬಿಟ್ಟು ಓಡಿದರು. ಗಾಳಿ ಬೆಳಕು ಇರುವ ಹೊಸ ಬಡಾವಣೆಗಳಾಗಿ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ದಿನಗಳಲ್ಲೇ. ಅಯ್ಯರ್ ಯುವಕರಾಗಿದ್ದಾಗ, 1918ರಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಬಂತು. ಮೈಸೂರು ಸಂಸ್ಥಾನ ಒಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಆ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು 25 ವರ್ಷಕ್ಕಿಂತ ಕಡಿಮೆ ಇತ್ತು. ಹಾಗಂತ ಎಲ್ಲರೂ 25ಕ್ಕೇ ಸಾಯುತ್ತಿದ್ದರು ಎಂದಲ್ಲ. ಹುಟ್ಟಿದ ಮಕ್ಕಳಲ್ಲಿ ತುಂಬಾ ಜನ ಐದು ವರ್ಷ ದಾಟುತ್ತಲೇ ಇರಲಿಲ್ಲ, ಅದರಿಂದ ಸರಾಸರಿ ಕೆಳಗೆ ಬರುತ್ತಿತ್ತು. ನಮಗೆ ನೆನಪಿರುವುದು 90 ವರ್ಷ ಬದುಕಿದ ಮುತ್ತಜ್ಜ ಮಾತ್ರ. ತೊಟ್ಟಿಲಲ್ಲೇ ಹೋದ ಅವರ ನಾಲ್ಕು ಒಡಹುಟ್ಟಿದವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಉಳಿದವರನ್ನು ಮಾತ್ರ ನೋಡಿ ಲೆಕ್ಕ ಹಾಕಿದರೆ ಹಿಂದಿನವರೆಲ್ಲ ಗಟ್ಟಿ ಅನ್ನಿಸುವುದು ಸಹಜ.

ಜನ ಇಷ್ಟು ದುರ್ಬಲರಾಗಿದ್ದಾರೆ ಎಂಬ ಚಿಂತೆಯೇ ಆ ತಲೆಮಾರಿನ ಹಲವರನ್ನು ವ್ಯಾಯಾಮದ ಕಡೆಗೆ ತಿರುಗಿಸಿತು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತೀಯರು ನರಪೇತಲರು ಎಂಬ ಹೀಯಾಳಿಕೆ ಸಾಮಾನ್ಯವಾಗಿತ್ತು. ಗಟ್ಟಿ ಮೈ ಕಟ್ಟುವುದು ಆರೋಗ್ಯದ ವಿಷಯ ಅಷ್ಟೇ ಅಲ್ಲ, ಮಾನದ ವಿಷಯವೂ ಆಗಿತ್ತು.

ಗರಡಿ ಮನೆಯ ಊರಿನಲ್ಲಿ ಜಿಮ್

ಬೆಂಗಳೂರಿಗೆ ವ್ಯಾಯಾಮ ಹೊಸದೇನಲ್ಲ. ಪೇಟೆಯ ಓಣಿಗಳಲ್ಲಿ ಗರಡಿ ಮನೆಗಳಿದ್ದವು, ಈಗಲೂ ಕೆಲವು ಇವೆ. ಕೆಮ್ಮಣ್ಣಿನ ಮಟ್ಟಿ, ಗದೆ, ಕಲ್ಲುಗುಂಡು, ದಂಡೆ, ಬಸ್ಕಿ, ಕುಸ್ತಿ. ಅಲ್ಲಿ ಉಸ್ತಾದರೇ ಗುರು. ಆದರೆ ಗರಡಿ ಇದ್ದದ್ದು ಮುಖ್ಯವಾಗಿ ಪೈಲ್ವಾನರಾಗುವವರಿಗೆ. ಕಚೇರಿಯಲ್ಲಿ ಕೂತು ಲೆಕ್ಕ ಬರೆಯುವ ಗುಮಾಸ್ತರಿಗೆ, ವಕೀಲರಿಗೆ, ಮೇಷ್ಟ್ರುಗಳಿಗೆ ಆ ಮಟ್ಟಿಗೆ ಇಳಿಯುವುದು ಮುಜುಗರ.

ಅದೇ ಹೊತ್ತಿಗೆ ಯೂರೋಪಿನಿಂದ ಇನ್ನೊಂದು ಗಾಳಿ ಬೀಸಿತು. ಯೂಜೀನ್ ಸ್ಯಾಂಡೊ ಎಂಬ ಜರ್ಮನ್ ಮೂಲದ ಬಲಶಾಲಿ 1904-05ರಲ್ಲಿ ಭಾರತಕ್ಕೆ ಬಂದು ಊರೂರಲ್ಲಿ ಪ್ರದರ್ಶನ ಕೊಟ್ಟ. ಕುಸ್ತಿಯಲ್ಲಿ ಗೆಲ್ಲುವುದಕ್ಕಲ್ಲ, ಮೈಯನ್ನು ಶಿಲ್ಪದಂತೆ ಕಡೆದು ತೋರಿಸುವುದಕ್ಕಾಗಿಯೇ ವ್ಯಾಯಾಮ ಮಾಡಬಹುದು ಎಂಬುದು ಅವನಿಂದ ಹರಡಿದ ಕಲ್ಪನೆ.

ಈ ಎರಡೂ ಲೋಕಗಳ ನಡುವೆ ಅಯ್ಯರ್ ಬೆಳೆದರು. 1920ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲೀಸ್ ಜಿಮ್ನೇಷಿಯಂ ಶುರು ಮಾಡಿದರು. ಕಚೇರಿಗೆ ಹೋಗುವ ಮಧ್ಯಮ ವರ್ಗದವರೂ ಬಂದು ಕಲಿಯುವಂಥ ಜಾಗ ಅದು. ತೂಕ ಎತ್ತುವುದು, ಮಾಂಸಖಂಡಗಳನ್ನು ಒಂದೊಂದಾಗಿ ಕುಣಿಸುವ ಹಿಡಿತ, ಆಸನ, ಸೂರ್ಯನಮಸ್ಕಾರ, ಅಂಗಮರ್ದನ ಎಲ್ಲವೂ ಅವರ ಪಾಠದಲ್ಲಿದ್ದವು.

ಪ್ರೊಫೆಸರ್ ಅಂದರೆ ಯಾವ ಕಾಲೇಜಿನ ಪ್ರೊಫೆಸರ್?

ಯಾವ ಕಾಲೇಜಿನವರೂ ಅಲ್ಲ. ಹಾಗಂತ ಅದು ಮೋಸವೂ ಅಲ್ಲ. ಆ ಕಾಲದಲ್ಲಿ ವ್ಯಾಯಾಮ ಕಲಿಸುವವರನ್ನು, ಸರ್ಕಸ್ಸಿನ ಬಲಶಾಲಿಗಳನ್ನು, ಜಾದೂಗಾರರನ್ನು ಪ್ರೊಫೆಸರ್ ಎಂದು ಕರೆಯುವ ರೂಢಿ ದೇಶ ವಿದೇಶಗಳಲ್ಲಿ ಇತ್ತು. ಸ್ಯಾಂಡೊನ ಗುರುವಿನ ಹೆಸರು ಪ್ರೊಫೆಸರ್ ಅಟಿಲಾ. ಆಂಧ್ರದ ಬಲಭೀಮ ಕೋಡಿ ರಾಮಮೂರ್ತಿಯವರೂ ಪ್ರೊಫೆಸರ್ ರಾಮಮೂರ್ತಿ ಎಂದೇ ಪ್ರಸಿದ್ಧರು. ನಮ್ಮ ಅಯ್ಯರ್ ಹೆಸರಿಗೂ ಈ ಗೌರವ ಹಾಗೆಯೇ ಅಂಟಿಕೊಂಡಿತು.

ಆಟಗಾರ ನಿಜವಾಗಿಯೂ ವಿಶ್ವವಿದ್ಯಾಲಯದ ಪ್ರೊಫೆಸರ್ ಆದ ಉದಾಹರಣೆಯೂ ಇದೆ. ಸರ್ಬಿಯಾದ ಅಲೆಕ್ಸಾಂಡರ್ ನಿಕೊಲಿಚ್ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿದ್ದವರು, ಆಮೇಲೆ ಬೆಲ್‌ಗ್ರೇಡ್‌ನಲ್ಲಿ ದೈಹಿಕ ಶಿಕ್ಷಣ ಕಲಿಸಿದರು. 1978ರಲ್ಲಿ ಯುಗೊಸ್ಲಾವಿಯಾ ವಿಶ್ವಕಪ್ ಗೆದ್ದಾಗ ತಂಡದ ಕೋಚ್ ಅವರೇ. ಅವರನ್ನೂ ಜನ ಕರೆಯುತ್ತಿದ್ದದ್ದು ಪ್ರೊಫೆಸರ್ ಎಂದೇ.

ಇದು ನಮಗೆ ಯಾಕೆ ಮುಖ್ಯ? ನಮ್ಮ ಆರೋಗ್ಯದ ಫಾರ್ವರ್ಡ್‌ಗಳ ಕೆಳಗೆ ಡಾಕ್ಟರ್ ಇಂಥವರು, ಪ್ರೊಫೆಸರ್ ಇಂಥವರು ಎಂದು ಇರುತ್ತದಲ್ಲ, ಅದನ್ನು ನೋಡಿದ ಕೂಡಲೇ ನಾವು ನಂಬುತ್ತೇವೆ. ಹೆಸರಿನ ಹಿಂದಿನ ಪದ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಬಿರುದು ಬಂದ ದಾರಿ ಬೇರೆ, ಹೇಳಿದ ಮಾತು ಸರಿಯೇ ಎಂಬ ಪ್ರಶ್ನೆ ಬೇರೆ. ಅಯ್ಯರ್ ಅವರ ವಿಷಯದಲ್ಲೂ ಅಷ್ಟೇ, ಬಿರುದನ್ನು ಪಕ್ಕಕ್ಕಿಟ್ಟು ಕೆಲಸ ನೋಡಬೇಕು.

ಆ ಫೋಟೋಗಳು ನಿಜವೇ?

ಅಯ್ಯರ್ ಅವರ ಹಳೆಯ ಕಪ್ಪು ಬಿಳುಪು ಫೋಟೋಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತ ಮೈಕಟ್ಟು. ಮಾಂಸಖಂಡಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಭಾರತದಲ್ಲೇ ಅತ್ಯಂತ ಪರಿಪೂರ್ಣ ದೇಹ ತನ್ನದು ಎಂದು ಅವರು ಜಾಹೀರಾತು ಮಾಡಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಚಾರ್ಲ್ಸ್ ಅಟ್ಲಾಸ್ ಕೂಡ ಇಂಥದ್ದೇ ಮಾತು ಹೇಳಿ ಪಾಠ ಮಾರುತ್ತಿದ್ದ ಕಾಲ ಅದು.

ಈ ಫೋಟೋಗಳನ್ನು ನೋಡುವಾಗ ಎರಡು ವಿಷಯ ಗಮನಿಸಿ.

ಮೊದಲನೆಯದು, ಅವರ ಮೈ ಸ್ಟೀರಾಯ್ಡ್‌ನಿಂದ ಬಂದದ್ದಾಗಿರಲು ಸಾಧ್ಯವಿಲ್ಲ. ಟೆಸ್ಟೋಸ್ಟೀರಾನ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ್ದು 1935ರಲ್ಲಿ. ಮಾಂಸಖಂಡ ಬೆಳೆಸಲು ಕ್ರೀಡಾಪಟುಗಳು ನುಂಗತೊಡಗಿದ ಸ್ಟೀರಾಯ್ಡ್ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಯಲ್ಲಿ. ಅಯ್ಯರ್ ಅವರ ‘ಮಸಲ್ ಕಲ್ಟ್’ ಪುಸ್ತಕ ಬಂದದ್ದು 1930ರಲ್ಲಿ, ‘ಪರ್ಫೆಕ್ಟ್ ಫಿಸೀಕ್’ 1936ರಲ್ಲಿ. ಔಷಧಿಯಿಲ್ಲದೆ, ವರ್ಷಗಟ್ಟಲೆ ಸಾಧನೆ ಮಾಡಿದರೆ ಮನುಷ್ಯನ ದೇಹ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಆ ಚಿತ್ರಗಳು ಒಳ್ಳೆಯ ಅಳತೆ. ಇವತ್ತಿನ ಇನ್‌ಸ್ಟಾಗ್ರಾಂ ದೇಹಗಳನ್ನು ನೋಡಿ ಮೂರು ತಿಂಗಳಲ್ಲಿ ಹಾಗೇ ಆಗಬೇಕು ಎಂದು ಹೊರಡುವವರು ಈ ಹೋಲಿಕೆ ಮಾಡಿ ನೋಡುವುದು ಒಳ್ಳೆಯದು.

ಎರಡನೆಯದು, ಫೋಟೋ ಅಂದರೆ ಫೋಟೋನೇ. ಬೆಳಕು ಪಕ್ಕದಿಂದ ಬಿದ್ದರೆ ಖಂಡಗಳ ನೆರಳು ಎದ್ದು ಕಾಣುತ್ತದೆ, ಉಸಿರು ಹಿಡಿದರೆ ಹೊಟ್ಟೆ ಒಳಗೆ ಹೋಗುತ್ತದೆ. ಅಂದಿನ ಸ್ಟುಡಿಯೋಗೂ ಇಂದಿನ ಫಿಲ್ಟರ್‌ಗೂ ಉದ್ದೇಶ ಒಂದೇ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಯಲ್ಲಿದ್ದೆ. ಹತ್ತಿರದ ಒಂದು ಜಿಮ್‌ಗೆ ಸೇರಿದ ದಿನವೇ ಗೋಡೆಯ ಮೇಲಿನ ಪೋಸ್ಟರ್ ತೋರಿಸಿ ಪ್ರೋಟೀನ್ ಪೌಡರ್ ಡಬ್ಬಿ ಮಾರಲು ನೋಡಿದರು. ಬೆಲೆ ನನ್ನ ತಿಂಗಳ ಪಿ.ಜಿ. ಬಾಡಿಗೆಯ ಅರ್ಧಕ್ಕಿಂತ ಹೆಚ್ಚಿತ್ತು. ಆಮೇಲೆ ಓದಿ ತಿಳಿದದ್ದು ಇಷ್ಟು: ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗಬಹುದು. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವುಗಳಿಂದಲೇ ಬಹಳಷ್ಟು ಜನ ಅದನ್ನು ತುಂಬಿಸಿಕೊಳ್ಳಬಹುದು. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಯೋಗವೋ, ಡಂಬೆಲ್ಲೋ?

ಯೋಗ ಮಾಡುವವರು ಜಿಮ್ ಕೆಟ್ಟದ್ದು ಅನ್ನುತ್ತಾರೆ, ಜಿಮ್ ಮಾಡುವವರು ಯೋಗದಿಂದ ಏನಾಗುತ್ತೆ ಅನ್ನುತ್ತಾರೆ. ಅಯ್ಯರ್ ಈ ಜಗಳಕ್ಕೆ ಹೋಗಲೇ ಇಲ್ಲ. ಎರಡನ್ನೂ ಒಂದೇ ಸೂರಿನಡಿ ತಂದರು. ತಮ್ಮ ದೇಹ ಹೀಗಾಗಲು ಕಬ್ಬಿಣದ ಗುಂಡುಗಳಿಗಿಂತ ಹಠಯೋಗದ ಪಾಲೇ ದೊಡ್ಡದು ಎಂದು ‘ಮಸಲ್ ಕಲ್ಟ್’ ಪುಸ್ತಕದಲ್ಲಿ ಅವರೇ ಬರೆದುಕೊಂಡಿದ್ದಾರೆ. ಬೆಂಗಳೂರಿನ ಯೋಗಾಚಾರ್ಯ ಸುಂದರಂ ಅವರ ಜೊತೆ ಸೇರಿ ಪ್ರದರ್ಶನಗಳನ್ನು ಕೊಟ್ಟರು. ಒಬ್ಬರದು ಆಸನ, ಇನ್ನೊಬ್ಬರದು ಮಾಂಸಖಂಡ.

1937ರಲ್ಲಿ ಅಯ್ಯರ್ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ತಂದರು. ಸೂರ್ಯನಿಗೆ ನಮಸ್ಕರಿಸುವ ಪದ್ಧತಿ ಬಹಳ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಶಾಲೆ, ಜಿಮ್, ಮನೆಗಳಲ್ಲಿ ಎಲ್ಲರೂ ಮಾಡುವ ವ್ಯಾಯಾಮವಾಗಿ ಅದು ಹರಡಿದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ ಅದಕ್ಕೆ ದೊಡ್ಡ ಪ್ರಚಾರ ಕೊಟ್ಟರು. ದಕ್ಷಿಣದಲ್ಲಿ ಅದನ್ನು ಹರಡಿದವರಲ್ಲಿ ಅಯ್ಯರ್ ಒಬ್ಬರು.

ಇಂದಿನ ವಿಜ್ಞಾನವೂ ಒಂದನ್ನೇ ಮಾಡಿ ಎಂದು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ. ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಮಾಂಸಖಂಡಗಳಿಗೆ ಕೆಲಸ ಕೊಡುವ ವ್ಯಾಯಾಮವೂ ಬೇಕು. ಅದು ಡಂಬೆಲ್ಲೇ ಆಗಬೇಕೆಂದಿಲ್ಲ. ದಂಡೆ, ಬಸ್ಕಿ ಕೂಡ ಆಗುತ್ತದೆ.

ಅಂಚೆಯಲ್ಲಿ ಬಂದ ವ್ಯಾಯಾಮ ಪಾಠ

ಆನ್‌ಲೈನ್ ಫಿಟ್‌ನೆಸ್ ಕೋರ್ಸ್ ಹೊಸದು ಅಂದುಕೊಂಡಿದ್ದೀರಾ? ಅಯ್ಯರ್ ಅದನ್ನು 90 ವರ್ಷಗಳ ಹಿಂದೆಯೇ ಮಾಡಿದ್ದರು, ಅಂಚೆಯ ಮೂಲಕ. ಬೆಂಗಳೂರಿಗೆ ಬರಲಾಗದವರು ಹಣ ಕಟ್ಟಿದರೆ ಪಾಠಗಳು ಮನೆ ಬಾಗಿಲಿಗೆ ಬರುತ್ತಿದ್ದವು. ದೂರದ ಊರುಗಳ ಎಷ್ಟೋ ಯುವಕರಿಗೆ ಅಯ್ಯರ್ ಪರಿಚಯವಾದದ್ದು ಲಕೋಟೆಯೊಳಗೆ.

ಹೊಗಳಿಕೆ ಮಾತ್ರ ಹೇಳಿದರೆ ಈ ಲೇಖನವೂ ಒಂದು ಫಾರ್ವರ್ಡ್ ಆಗಿಬಿಡುತ್ತದೆ. ಆ ಕಾಲದ ವ್ಯಾಯಾಮ ಸಾಹಿತ್ಯದಲ್ಲಿ ಅತಿಶಯದ ಮಾತು ಬಹಳ. ಮಲಬದ್ಧತೆಯಿಂದ ಸಕ್ಕರೆ ಕಾಯಿಲೆಯವರೆಗೆ ಎಲ್ಲವನ್ನೂ ವ್ಯಾಯಾಮದಿಂದಲೇ ವಾಸಿ ಮಾಡುತ್ತೇವೆ ಎಂಬ ದನಿ ಅದರಲ್ಲಿ ಸಾಮಾನ್ಯ. ಅಯ್ಯರ್ ಕೂಡ ಆ ಕಾಲದವರೇ.

ಇದರಲ್ಲಿ ನಿಜ ಎಷ್ಟು? ಮಾಂಸಖಂಡ ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ. ಆ ಹೊತ್ತಿನಲ್ಲಿ ಇನ್ಸುಲಿನ್‌ನ ಸಹಾಯ ಕಡಿಮೆ ಇದ್ದರೂ ಸಕ್ಕರೆ ಒಳಗೆ ಹೋಗುವ ಬಾಗಿಲುಗಳು ತೆರೆಯುತ್ತವೆ. ವ್ಯಾಯಾಮ ಮುಗಿದ ಮೇಲೂ ಕೆಲವು ಗಂಟೆ ದೇಹ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರಿಗೆ ವ್ಯಾಯಾಮ ನಿಜಕ್ಕೂ ಉಪಯೋಗ. ಆದರೆ ಅದು ಮಾತ್ರೆಯ ಜೊತೆಗೆ ಇರಬೇಕಾದದ್ದು, ಮಾತ್ರೆ ಬಿಟ್ಟು ಮಾಡುವುದಲ್ಲ. ಇನ್ಸುಲಿನ್ ನಿಲ್ಲಿಸಿ ಆಸನ ಮಾಡಿ ಎಂದು ಯಾರೇ ಫಾರ್ವರ್ಡ್ ಕಳಿಸಿದರೂ, ಅವರು ಎಷ್ಟೇ ದೊಡ್ಡ ಪ್ರೊಫೆಸರ್ ಆಗಿದ್ದರೂ, ನಂಬಬೇಡಿ.

ಮಹಾರಾಜರ ನಂಟು, ಜೆ.ಸಿ. ರಸ್ತೆಯ ವ್ಯಾಯಾಮಶಾಲೆ

ಅಯ್ಯರ್ ಅವರ ಶಿಷ್ಯರಲ್ಲಿ ಅತಿ ದೊಡ್ಡ ಹೆಸರು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಯೋಗಕ್ಕೂ ವ್ಯಾಯಾಮಕ್ಕೂ ದೊಡ್ಡ ಆಶ್ರಯ ಕೊಟ್ಟವರು ಅವರು. ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆದದ್ದು ಅವರ ಕಾಲದಲ್ಲೇ. ಮಹಾರಾಜರ ಆರೋಗ್ಯ ಕೆಟ್ಟಾಗ ಅಯ್ಯರ್ ವ್ಯಾಯಾಮ, ಅಂಗಮರ್ದನಗಳಿಂದ ನೆರವಾದರು. ಆ ಕೃತಜ್ಞತೆಯಿಂದ ಅರಮನೆಯ ಸಹಾಯ ಸಿಕ್ಕಿ, 1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ತಲೆಯೆತ್ತಿತು.

ಅದೇ 1940ರ ಆಗಸ್ಟ್‌ನಲ್ಲಿ ಮಹಾರಾಜರು 56ನೇ ವಯಸ್ಸಿನಲ್ಲಿ ತೀರಿಕೊಂಡರು. ಅಯ್ಯರ್ 80 ದಾಟಿ ಬದುಕಿದರು. ಇದರಿಂದ ಏನಾದರೂ ಸಾಬೀತಾಗುತ್ತದೆಯೇ? ಇಲ್ಲ. ಒಬ್ಬರ ಆಯಸ್ಸು ನೋಡಿ ವ್ಯಾಯಾಮ ಒಳ್ಳೆಯದು ಅನ್ನುವುದೂ ತಪ್ಪು, ಇನ್ನೊಬ್ಬರ ಸಾವು ನೋಡಿ ಕೆಟ್ಟದ್ದು ಅನ್ನುವುದೂ ತಪ್ಪು.

ಜಿಮ್‌ಗೆ ಹೋದರೆ ಹೃದಯಾಘಾತ ಆಗುತ್ತಾ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ಕಣ್ಣೀರಿಟ್ಟಿತು. ಮರುದಿನದಿಂದಲೇ ಜಿಮ್ ಬೇಡ ಎಂಬ ಸಂದೇಶಗಳು ಗ್ರೂಪ್‌ಗಳಲ್ಲಿ ತುಂಬಿಕೊಂಡವು. ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮಕ್ಕಳನ್ನು ಜಿಮ್ ಬಿಡಿಸಿದರು. ಆ ಭಯ ಅರ್ಥವಾಗುವಂಥದ್ದು. ಆದರೆ ವಿಜ್ಞಾನ ಏನು ಹೇಳುತ್ತದೆ?

ಇದಕ್ಕೆ ಹಳೆಯದೊಂದು ಸುಂದರ ಅಧ್ಯಯನ ಇದೆ. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಗಮನಿಸಿದರು. ಚಾಲಕರು ದಿನವಿಡೀ ಕೂತಿರುತ್ತಿದ್ದರು, ಕಂಡಕ್ಟರುಗಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಒಂದೇ ಬಸ್ಸು, ಒಂದೇ ಊರು. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. 1953ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಮೇಲೆ ನಡೆದ ನೂರಾರು ಅಧ್ಯಯನಗಳು ಇದೇ ದಿಕ್ಕನ್ನು ತೋರಿಸಿವೆ. ಔಟರ್ ರಿಂಗ್ ರಸ್ತೆಯ ಟ್ರಾಫಿಕ್‌ನಲ್ಲಿ ಎರಡು ಗಂಟೆ, ಕಂಪ್ಯೂಟರ್ ಮುಂದೆ ಒಂಬತ್ತು ಗಂಟೆ ಕೂರುವ ನಾವೆಲ್ಲ ಆ ಲೆಕ್ಕದಲ್ಲಿ ಚಾಲಕರೇ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಒಳಗೊಳಗೇ ಹೃದಯದ ತೊಂದರೆ ಇರುವವರು ಒಮ್ಮೆಗೇ ವಿಪರೀತ ಶ್ರಮ ಮಾಡಿದರೆ ಆ ಹೊತ್ತಿಗೆ ಅಪಾಯ ಏರುತ್ತದೆ. ಅಭ್ಯಾಸವಿಲ್ಲದವರಲ್ಲಿ ಈ ಏರಿಕೆ ಹೆಚ್ಚು, ದಿನವೂ ಮಾಡುವವರಲ್ಲಿ ಕಡಿಮೆ. ಹಾಗಾಗಿ ನಿಧಾನಕ್ಕೆ ಶುರು ಮಾಡಿ. ಬಿ.ಪಿ., ಸಕ್ಕರೆ, ಧೂಮಪಾನ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಇತಿಹಾಸ ಇದ್ದರೆ ಮೊದಲು ವೈದ್ಯರ ಬಳಿ ಹೋಗಿ. ವ್ಯಾಯಾಮದ ಮಧ್ಯೆ ಎದೆ ಹಿಂಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ತಲೆ ಸುತ್ತಿದರೆ ಗ್ಯಾಸ್ಟ್ರಿಕ್ ಅಂದುಕೊಂಡು ಮುಂದುವರಿಸಬೇಡಿ. ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕಬ್ಬಿಣ ಎತ್ತಿದ ಕೈಯಲ್ಲಿ ಲೇಖನಿ

ಅಯ್ಯರ್ ಬದುಕಿನ ಇನ್ನೊಂದು ಮುಖ ಇಲ್ಲಿಂದ ಶುರು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಸ್ನೇಹಿತರು. ಕೈಲಾಸಂ 1946ರಲ್ಲಿ ತೀರಿಕೊಂಡ ಮೇಲೆ ಅವರ ನೆನಪುಗಳನ್ನು ಅಯ್ಯರ್ ಪುಸ್ತಕವಾಗಿ ಬರೆದರು. ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡದ ಹಿಂದೆಯೂ ಅವರಿದ್ದರು. ಭಾರ ಎತ್ತುವವರಿಗೆ ಬುದ್ಧಿ ಇರುವುದಿಲ್ಲ, ಓದುವವರಿಗೆ ಮೈ ಇರುವುದಿಲ್ಲ ಎಂಬ ನಮ್ಮ ಹಳೆಯ ನಂಬಿಕೆಗೆ ಅವರ ಬದುಕೇ ಉತ್ತರ.

ಕತೆಗಳನ್ನೂ ಬರೆದರು. ಆದರೆ ಕನ್ನಡ ಓದುಗರು ಇಂದಿಗೂ ಅವರನ್ನು ನೆನೆಯುವುದು ಎರಡು ಕಾದಂಬರಿಗಳಿಂದ: ‘ರೂಪದರ್ಶಿ’ ಮತ್ತು ‘ಶಾಂತಲಾ’.

ಏಸುವೂ ಜುದಾಸನೂ ಒಬ್ಬನೇ ಎಂಬ ಕಥೆ

‘ರೂಪದರ್ಶಿ’ ನಡೆಯುವುದು ಇಟಲಿಯಲ್ಲಿ. ಕಲಾವಿದ ಮೈಕೆಲೆಂಜೆಲೊ ಬಾಲ ಏಸುವನ್ನು ಚಿತ್ರಿಸಲು ಮುಗ್ಧ ಹುಡುಗನೊಬ್ಬನನ್ನು ಮಾದರಿಯಾಗಿ ಹುಡುಕುತ್ತಾನೆ. ವರ್ಷಗಳು ಕಳೆದ ಮೇಲೆ ಜುದಾಸನಿಗಾಗಿ ಕ್ರೂರ ಮುಖವೊಂದನ್ನು ಹುಡುಕಿದಾಗ ಸಿಗುವವನು ಅದೇ ಹುಡುಗ, ಕೆಟ್ಟು ಹಾಳಾದ ಮನುಷ್ಯನಾಗಿ. ಓದಿದವರ ಎದೆ ಕಲಕುವ ಕಥೆ.

ವಾಟ್ಸಾಪ್‌ನಲ್ಲಿ ಇದೇ ಕಥೆ ಲಿಯೊನಾರ್ಡೊ ಡಾ ವಿಂಚಿಯ ಹೆಸರಿನಲ್ಲಿ, ಲಾಸ್ಟ್ ಸಪ್ಪರ್ ಚಿತ್ರದ ಫೋಟೋ ಜೊತೆ, ನಡೆದ ಘಟನೆ ಎಂದು ಓಡಾಡುತ್ತದೆ. ಲೆಕ್ಕ ಹಾಕಿ ನೋಡಿ. ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾಟ್ಸಿಯೆ ಮಠದ ಊಟದ ಮನೆಯ ಗೋಡೆಯ ಮೇಲೆ ಲಿಯೊನಾರ್ಡೊ ಆ ಚಿತ್ರ ಬರೆದದ್ದು ಸುಮಾರು 1495ರಿಂದ 1498ರವರೆಗೆ. ಮೂರು ವರ್ಷದಲ್ಲಿ ಒಬ್ಬ ಮುಗ್ಧ ಬಾಲಕ ಮುದಿ ಪಾತಕಿಯಾಗುವುದು ಹೇಗೆ? 1550ರಲ್ಲಿ ವಸಾರಿ ಬರೆದ ಕಲಾವಿದರ ಜೀವನಚರಿತ್ರೆಯಲ್ಲಿ ಜುದಾಸನ ಮುಖದ ಬಗ್ಗೆ ಬೇರೆಯೇ ಕಥೆ ಇದೆ. ಕೆಲಸ ತಡವಾಯಿತೆಂದು ಪೀಡಿಸುತ್ತಿದ್ದ ಮಠದ ಮುಖ್ಯಸ್ಥನ ಮುಖವನ್ನೇ ಜುದಾಸನಿಗೆ ಕೊಡುತ್ತೇನೆ ಎಂದು ಲಿಯೊನಾರ್ಡೊ ಹೆದರಿಸಿದನಂತೆ. ಒಬ್ಬನೇ ಮಾದರಿಯ ಕಥೆ ಬಹಳ ಕಾಲದ ನಂತರ ಹುಟ್ಟಿಕೊಂಡ ನೀತಿಕಥೆ.

ಅಯ್ಯರ್ ತಪ್ಪು ಮಾಡಿದರೇ? ಖಂಡಿತ ಇಲ್ಲ. ಅವರು ಬರೆದದ್ದು ಕಾದಂಬರಿ, ಕಾದಂಬರಿ ಎಂದೇ ಪ್ರಕಟವಾಯಿತು. ಕಥೆಯನ್ನು ಇತಿಹಾಸ ಎಂದು ಮುಂದಕ್ಕೆ ಕಳಿಸುವ ತಪ್ಪು ನಮ್ಮದು.

ಶಾಂತಲೆ ಬೆಟ್ಟದಿಂದ ಹಾರಿದಳೇ?

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ, ದಾಬಸ್‌ಪೇಟೆ ಕಡೆ ಹೋದರೆ ಶಿವಗಂಗೆ ಸಿಗುತ್ತದೆ. ಭಾನುವಾರ ಬೈಕ್‌ನಲ್ಲಿ ಹೋಗುವ ಹುಡುಗರಿಗೆ ಬೆಟ್ಟದ ತುದಿಯ ಶಾಂತಲಾ ಡ್ರಾಪ್ ಗೊತ್ತು. ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ ಅಲ್ಲಿಂದಲೇ ಹಾರಿದಳು ಎಂದು ಜನ ಹೇಳುತ್ತಾರೆ.

ದಾಖಲೆ ಏನು ಹೇಳುತ್ತದೆ? ಶ್ರವಣಬೆಳಗೊಳದ ಶಾಸನದ ಪ್ರಕಾರ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದು ನಿಜ, 1131ರಲ್ಲಿ. ಆದರೆ ಬೆಟ್ಟದಿಂದ ಹಾರಿದಳು ಎಂದು ಅದರಲ್ಲಿ ಇಲ್ಲ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಆ ಸಾವನ್ನು ಆತ್ಮತ್ಯಾಗವಾಗಿ ಚಿತ್ರಿಸಿತು. ಓದುಗರ ಮನಸ್ಸಿನಲ್ಲಿ ಆ ಚಿತ್ರ ಎಷ್ಟು ಆಳವಾಗಿ ಕೂತಿತೆಂದರೆ ಕಾದಂಬರಿಯೇ ಇತಿಹಾಸ ಎಂಬಂತಾಯಿತು. ಆಮೇಲೆ ಸಿ.ಕೆ. ನಾಗರಾಜರಾವ್ ಶಾಸನಗಳನ್ನು ಅಧ್ಯಯನ ಮಾಡಿ, ಆತ್ಮಹತ್ಯೆಯ ಮಾತನ್ನು ಒಪ್ಪದೆ, ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿ ಬರೆದರು. ಒಂದು ಪುಸ್ತಕಕ್ಕೆ ಇನ್ನೊಂದು ಪುಸ್ತಕದಿಂದ ಉತ್ತರ. ಗ್ರೂಪ್‌ನಲ್ಲಿ ಬೈದಾಡಿಕೊಳ್ಳುವ ನಮಗೆ ಇದು ಒಳ್ಳೆಯ ಪಾಠ.

ಕೊನೆಯ ಮಾತು

ಕೆ.ವಿ. ಅಯ್ಯರ್ 1980ರಲ್ಲಿ ತೀರಿಕೊಂಡರು. ಅವರು ಹುಟ್ಟಿದಾಗ ಪ್ಲೇಗ್‌ಗೆ ಹೆದರಿ ಓಡುತ್ತಿದ್ದ ಊರು, ಅವರು ಹೋಗುವ ಹೊತ್ತಿಗೆ ಕಾರ್ಖಾನೆಗಳ ದೊಡ್ಡ ನಗರವಾಗಿತ್ತು. ಪೀಣ್ಯದಲ್ಲಿ ಯಂತ್ರಗಳು ಓಡುತ್ತಿದ್ದವು, ಎಲೆಕ್ಟ್ರಾನಿಕ್ ಸಿಟಿ ಆಗಷ್ಟೇ ರೂಪುಗೊಳ್ಳುತ್ತಿತ್ತು. ಕೂತು ದುಡಿಯುವ ಜನರಿಗೆ ಮೈ ಕಡೆ ಗಮನ ಕೊಡಿ ಎಂದು ಅವರು ಹೇಳಲು ಶುರು ಮಾಡಿದ್ದು 1920ರ ದಶಕದಲ್ಲಿ. ಆ ಮಾತು ಅಂದಿಗಿಂತ ಇಂದು ಹೆಚ್ಚು ಬೇಕಾಗಿದೆ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೆನಪಿಡಿ:

• ಹೆಸರಿನ ಹಿಂದೆ ಡಾಕ್ಟರ್, ಪ್ರೊಫೆಸರ್ ಇದ್ದ ಮಾತ್ರಕ್ಕೆ ಹೇಳಿದ್ದೆಲ್ಲ ಸರಿ ಎಂದಲ್ಲ.

• ನಿಯಮಿತ ವ್ಯಾಯಾಮ ಹೃದಯಕ್ಕೆ ಒಳ್ಳೆಯದು. ಅಭ್ಯಾಸವಿಲ್ಲದೆ ಒಮ್ಮೆಗೇ ಮಾಡುವ ವಿಪರೀತ ಶ್ರಮ ಅಪಾಯ.

• ವ್ಯಾಯಾಮ ಔಷಧಿಯ ಜೊತೆಗಾರ, ಔಷಧಿಗೆ ಬದಲಿ ಅಲ್ಲ.

• ಲಾಸ್ಟ್ ಸಪ್ಪರ್‌ನ ಒಬ್ಬನೇ ಮಾದರಿಯ ಕಥೆ ನೀತಿಕಥೆ, ಇತಿಹಾಸವಲ್ಲ.

• ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದಕ್ಕೆ ಶಾಸನ ಇದೆ. ಹಾರಿದಳು ಎಂಬುದನ್ನು ಆ ಶಾಸನ ಹೇಳುವುದಿಲ್ಲ.

ಮುಂದಿನ ಸಲ ಆ ಮೂರು ಸಂದೇಶಗಳಲ್ಲಿ ಯಾವುದಾದರೂ ನಿಮ್ಮ ಗ್ರೂಪ್‌ಗೆ ಬಂದರೆ ಕಳಿಸಿದ ದೊಡ್ಡಪ್ಪನನ್ನೋ ಅತ್ತೆಯನ್ನೋ ಎಲ್ಲರ ಮುಂದೆ ಹಂಗಿಸಬೇಡಿ. ಪ್ರೊಫೆಸರ್ ಕೆ.ವಿ. ಅಯ್ಯರ್ ಕಥೆ ಹೇಳಿ. ಆಮೇಲೆ ಎದ್ದು, ಅವರನ್ನೂ ಕರೆದುಕೊಂಡು, ಅರ್ಧ ಗಂಟೆ ನಡೆದು ಬನ್ನಿ.